ಮೇಲಕ್ಕೆ ಬಾ ಎಂದಾಗ

ಜನವರಿ 12

ಬಂಗಾರಿ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ಒಂದು ಸಲ ತಾಯಿಯಾಗಿ, ಇನ್ನೊಂದು ಸಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳಾಗಿ. ತಾಯಿಗೆ ಸಂತೋಷವಾಯಿತು. ಆ ಇನ್ನೊಬ್ಬಳಿಗೆ ಆಗಲಿಲ್ಲ.

ಫೋನಿನಲ್ಲಿ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ, ಪತ್ರವೇ ವಾಸಿ ಎಂದವಳು ನೀನು. ಸರಿ, ಪತ್ರದಲ್ಲೇ ಕೇಳುತ್ತೇನೆ, ಪತ್ರದಲ್ಲೇ ಉತ್ತರ ಕೊಡು. ಆ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸಾಗಿ ಸೇರಿ ಎಂಟು ವರ್ಷವಾಯಿತು. ಅಲ್ಲಿ ದೊಡ್ಡ ಚರ್ಚು ಇದೆ, ಗೋಪುರ ಇದೆ, ಗಂಟೆ ಇದೆ. ಅದನ್ನು ಬಿಟ್ಟು ಯಾರದೋ ನಡುಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೀಯ. ಹೋಗು, ಬೇಡ ಎನ್ನಲಾರೆ. ಯೇಸುವಿಗೂ ಗೋಪುರ ಇರಲಿಲ್ಲ. ಆದರೆ ಆ ಮನೆಯೊಡತಿಗೆ ಅರವತ್ತು ದಾಟಿದರೂ ಎಲ್ಲರೂ ಆಕೆಯನ್ನು 'ಚಿಕ್ಕಕ್ಕ' ಎಂದೇ ಕರೆಯಬೇಕು, ಏಕೆಂದರೆ ಆಕೆ ಎಲ್ಲರಿಗಿಂತ ಚಿಕ್ಕವಳಂತೆ ಎಂದು ಬರೆದಿದ್ದೀಯಲ್ಲ, ಅಲ್ಲಿ ನನ್ನ ಕನ್ನಡಕ ಮೂಗಿನಿಂದ ಜಾರಿತು.

ಇನ್ನು ಆ ಕೊನೆಯ ಕುರ್ಚಿಯ ವಿಷಯ. ಔತಣಕ್ಕೆ ಕರೆದರೆ ಕೊನೆಯ ಸ್ಥಳದಲ್ಲಿ ಹೋಗಿ ಕೂತುಕೋ ಎಂದು ಕರ್ತನು ಹೇಳಿದ್ದಾನೆ, ಅದಕ್ಕೇ ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿರುವ ಕುರ್ಚಿಗಾಗಿ ನಿಮ್ಮಲ್ಲಿ ಪೈಪೋಟಿಯಂತೆ. ನೀನು ಒಮ್ಮೆ ಎಲ್ಲರಿಗಿಂತ ಮೊದಲೇ ಹೋಗಿ ಆ ಕುರ್ಚಿ ಹಿಡಿದೆಯಂತೆ. ಮಗಳೇ, ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕುವವರನ್ನು ಜೀವಮಾನವಿಡೀ ನೋಡಿದ್ದೇನೆ. ಚಪ್ಪಲಿ ಪಕ್ಕದ ಸೀಟಿಗೆ ಕರ್ಚೀಫು ಹಾಕುವವರ ಬಗ್ಗೆ ಈಗಷ್ಟೇ ಕೇಳುತ್ತಿದ್ದೇನೆ.

ಅತಿ ವಿನಯ ಧೂರ್ತ ಲಕ್ಷಣ ಎಂದು ನಿನ್ನಜ್ಜಿ ಹೇಳುತ್ತಿದ್ದಳು. ಟಿಕೆಟ್ ಇಲ್ಲದವನೇ ಮೊದಲು ಎದ್ದು ನಿಂತು ನಮಸ್ಕಾರ ಹೇಳುವುದು. ಟಿಕೆಟ್ ಇದ್ದವನು ನಿದ್ದೆಗೆಡಿಸಿದ್ದಕ್ಕೆ ನನಗೇ ಬಯ್ಯುತ್ತಾನೆ.

ಆ ಚಿಕ್ಕಕ್ಕನ ಸಂಸಾರ ಹೇಗೆ ನಡೆಯುತ್ತದೆ? ಗಂಡ ಇದ್ದಾನೆಯೇ? ಕೂಟದಲ್ಲಿ ಊಟವಾದ ಮೇಲೆ ಪಾತ್ರೆ ತೊಳೆಯುವವರು ಯಾರು? ಆಕೆ ಮಾತಾಡುವಾಗ ಬೇರೆಯವರು ನಡುವೆ ಬಾಯಿ ಹಾಕಬಹುದೇ?

ಮಂಡಿನೋವು ಹಾಗೇ ಇದೆ. ಚರ್ಚಿನ ಗಾಯನ ಮಂಡಳಿಯಲ್ಲಿ ನಿಂತು ಹಾಡುವುದು ಕಷ್ಟ, ಕೂತು ಹಾಡಿದರೆ ದನಿಯೇ ಹೊರಡದು.

ನಿನ್ನ ಅಮ್ಮ


ಜನವರಿ 30

ಅಮ್ಮ,

ತಗೋ, ಟಿಕೆಟ್ ತೋರಿಸುತ್ತಿದ್ದೇನೆ. ಚಿಕ್ಕಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಹೊಲಿಗೆ ಮಾಡಿ ಬದುಕುತ್ತಾರೆ, ಪರದೆ, ದಿಂಬಿನ ಚೀಲ, ಅಂಥದ್ದು. ಅವರು ಯಾರನ್ನೂ ಒಂದು ಕಾಸು ಕೇಳಿಲ್ಲ, ನಾವು ಕೊಟ್ಟಿಲ್ಲ. ಇಷ್ಟು ಸಾಕೇ?

ನೀನು ನಗುತ್ತೀಯ ಎಂದು ಗೊತ್ತಿದ್ದೇ ಕುರ್ಚಿಯ ವಿಷಯ ಬರೆದದ್ದು. ನಾವೂ ನಗುತ್ತೇವೆ ಅಮ್ಮ. ಆದರೆ ಕೂಟಕ್ಕೆ ಯಾಕೆ ಹೋಗುತ್ತೇನೆ ಎಂದು ನೀನು ಕೇಳಲೇ ಇಲ್ಲ. ಹೋದ ವರ್ಷ ಇಡೀ ನನ್ನ ಕೈ ಕೆಲಸ ಮಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಮಗು ಅತ್ತರೆ ಸಿಟ್ಟು ಬರುತ್ತಿತ್ತು. ಒಂದು ದಿನ ಸೂಜಿ ಚುಚ್ಚುವಾಗ ಒಂದು ಹುಡುಗಿ "ಸಿಸ್ಟರ್, ನಿಮಗೆ ನಾನಂದ್ರೆ ಇಷ್ಟ ಇಲ್ವಾ?" ಎಂದು ಕೇಳಿದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆ ವಾರವೇ ಕೂಟಕ್ಕೆ ಹೋದೆ. ಚಿಕ್ಕಕ್ಕ ಸತ್ಯವೇದದಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರ ಓದುತ್ತಿದ್ದರು. ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ ಇವನ್ನೆಲ್ಲ ಅವನು ಪವಿತ್ರಾತ್ಮನು ಕೊಡುವ ಫಲ ಎಂದು ಕರೆದಿದ್ದಾನೆ, ನಾವು ಮಾಡಿ ಮುಗಿಸಬೇಕಾದ ಕೆಲಸ ಎಂದಲ್ಲ, ಗಿಡ ತಿಣುಕಿ ಕಾಯಿ ಬಿಡುವುದಿಲ್ಲ ಎಂದರು. ನನಗೆ ಎಷ್ಟೋ ತಿಂಗಳ ಮೇಲೆ ಉಸಿರು ಬಂದಂತಾಯಿತು.

ಆ ಪಟ್ಟಿಯಲ್ಲಿ ಅನುಮಾನ ಇಲ್ಲ, ಅಮ್ಮ. ಹುಡುಕಿ ನೋಡಿದೆ.

ಇನ್ನೊಂದು ಸುದ್ದಿ. ನಮ್ಮ ವಾರ್ಡಿನ ಹೆಡ್ ನರ್ಸ್ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಮೇಟ್ರನ್ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಆ ಜಾಗಕ್ಕೆ ನಿಮ್ಮ ಹೆಸರೇ ನನ್ನ ಮನಸ್ಸಲ್ಲಿದೆ. ಯೋಚನೆ ಮಾಡಿ ಹೇಳಿ" ಎಂದರು. ಯಾರಿಗೂ ಹೇಳಬೇಡ, ಇನ್ನೂ ಏನೂ ಆಗಿಲ್ಲ.

ನಿನ್ನ ಮಗಳು


ಫೆಬ್ರವರಿ 5

ಬಂಗಾರಿ,

ಯಾರಿಗೂ ಹೇಳಿಲ್ಲ. ಗಾಯನ ಮಂಡಳಿಯವರಿಗೆ, ಪಾಸ್ಟರಿಗೆ, ಔಷಧಿ ಅಂಗಡಿಯವನಿಗೆ ಮಾತ್ರ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅಂಗಡಿಯವನು ನಕ್ಕ. ನಕ್ಕರೆ ನಗಲಿ.

ಇದರಲ್ಲಿ ಯೋಚನೆ ಮಾಡುವುದೇನಿದೆ? ರಾತ್ರಿ ಎಂಟಾದ ಕೂಡಲೇ ತಾಯಂದಿರನ್ನು ಹೊರಗೆ ಕಳಿಸಿ ವಾರ್ಡಿನ ಬಾಗಿಲು ಹಾಕುತ್ತಾರೆ, ಮಕ್ಕಳು ಅತ್ತು ಅತ್ತು ಸುಸ್ತಾಗಿ ಮಲಗುತ್ತವೆ ಎಂದು ಎರಡು ವರ್ಷದಿಂದ ನನ್ನ ತಲೆ ತಿಂದವಳು ನೀನು. ಹೆಡ್ ನರ್ಸ್ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಆ ನಿಯಮ ಬದಲಾಗುತ್ತದೆ, ಆಕೆ ಮನಸ್ಸು ಮಾಡುತ್ತಿಲ್ಲ ಎಂದವಳೂ ನೀನೇ. ಈಗ ಮನಸ್ಸು ಮಾಡುವ ಸರದಿ ನಿನ್ನದು.

ಅನುಮಾನ ಆ ಪಟ್ಟಿಯಲ್ಲಿಲ್ಲ, ಒಪ್ಪಿದೆ. ಆದರೆ ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಯೋಹಾನನು ಬರೆದಿದ್ದಾನಲ್ಲ, ಅದನ್ನು ನಿನ್ನ ಚಿಕ್ಕಕ್ಕ ಓದಿಸಿದರೋ ಇಲ್ಲವೋ? ಪರೀಕ್ಷಿಸುವುದು ನನ್ನ ನೌಕರಿಯಾಗಿತ್ತು.

ನಾಲ್ಕು ಪ್ರಶ್ನೆ ಕೇಳಿದ್ದೆ. ಎರಡಕ್ಕೆ ಉತ್ತರ ಬಂತು. ಪಾತ್ರೆಯ ವಿಷಯ, ನಡುವೆ ಬಾಯಿ ಹಾಕುವ ವಿಷಯ ಬರಲಿಲ್ಲ.

ನಿನ್ನ ಅಮ್ಮ


ಫೆಬ್ರವರಿ 28

ಅಮ್ಮ,

ನೀನು ಸಿಟ್ಟಾಗುತ್ತೀಯ. ಆದರೂ ಬರೆಯಬೇಕು.

ನಮ್ಮ ಕೂಟದಲ್ಲಿ ಒಂದು ಪದ್ಧತಿ ಇದೆ. ಯಾರ ಬದುಕಿನಲ್ಲಾದರೂ ದೊಡ್ಡ ತೀರ್ಮಾನ ಇದ್ದರೆ ಅದನ್ನು ಎಲ್ಲರ ನಡುವೆ ಇಡಬೇಕು. ಇಟ್ಟ ಮೇಲೆ ಅವರು ಆ ವಿಷಯದಲ್ಲಿ ಬಾಯಿ ತೆರೆಯುವಂತಿಲ್ಲ. ಉಳಿದವರು ಕಣ್ಣು ಮುಚ್ಚಿ ಕಾಯುತ್ತಾರೆ. ಆತ್ಮನು ಯಾರ ಮನಸ್ಸಿನಲ್ಲಿ ಏನು ಹಾಕುತ್ತಾನೋ ಅವರು ಅದನ್ನು ಹೇಳುತ್ತಾರೆ. ತನ್ನ ವಿಷಯದಲ್ಲಿ ತಾನೇ ವಕೀಲಿ ಮಾಡಿದರೆ ಅಹಂಕಾರ ಒಳಗೆ ಬರುತ್ತದೆ ಎಂದು ಹೀಗೆ ಮಾಡಿದ್ದಾರೆ.

ಮೇಟ್ರನ್ ಹೇಳಿದ್ದನ್ನು ನಾನು ನಡುವೆ ಇಟ್ಟೆ. ಎಲ್ಲರೂ ಕಣ್ಣು ಮುಚ್ಚಿದರು. ಆಮೇಲೆ ಚಿಕ್ಕಕ್ಕ, "ಮಗಳೇ, ಮೇಲಿನ ಜಾಗ ನಿನ್ನನ್ನ ನಮ್ಮಿಂದ ಕಿತ್ಕೊಳ್ಳುತ್ತೆ ಅಂತ ಕಾಣ್ತಿದೆ. ಕೆಳಗಿದ್ದೇ ಸೇವೆ ಮಾಡು" ಎಂದರು. ಇನ್ನಿಬ್ಬರೂ ಹಾಗೇ ಹೇಳಿದರು. ಚಿಕ್ಕಕ್ಕನ ಕಣ್ಣಲ್ಲಿ ನೀರಿತ್ತು.

ಮೇಟ್ರನ್‌ಗೆ ಇನ್ನೂ ಹೇಳಿಲ್ಲ. ಬೇಡ ಎಂದು ಹೇಳುತ್ತೇನೆ ಅನ್ನಿಸುತ್ತಿದೆ. ಕ್ರಿಸ್ತನೇ ತನ್ನನ್ನು ಬರಿದು ಮಾಡಿಕೊಂಡು ಆಳಿನ ರೂಪ ತಾಳಿದ. ನಾನು ಹೆಡ್ ನರ್ಸ್ ಆಗದಿದ್ದರೆ ಮುಳುಗಿಹೋಗುವುದೇನು?

ನಿನ್ನ ಮಗಳು


ಮಾರ್ಚ್ 4

ಮಗಳೇ,

ಸಿಟ್ಟು ಬಂದಿತ್ತು. ಒಂದು ಕಪ್ಪು ಒಡೆಯಿತು, ತಾನಾಗಿ ಒಡೆಯಿತು ಎಂದೇ ಇಟ್ಟುಕೋ. ಆಮೇಲೆ ಸತ್ಯವೇದ ತೆಗೆದು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಬೆರಳಿಟ್ಟು ಓದಿದೆ. ಕ್ರಿಸ್ತನು ತನ್ನನ್ನು ತಗ್ಗಿಸಿಕೊಂಡನು ಎಂದಿದೆ. ನಾಲ್ಕು ಜನ ನಡುಮನೆಯಲ್ಲಿ ಕಣ್ಣುಮುಚ್ಚಿ ಕೂತು ಅವನನ್ನು ತಗ್ಗಿಸಿದರು ಎಂದು ನನಗಂತೂ ಕಾಣಲಿಲ್ಲ. ಶಿಷ್ಯರ ಕಾಲು ತೊಳೆದ ರಾತ್ರಿಯೂ ಅಷ್ಟೇ. ಅವನೇ ಎದ್ದ, ಅವನೇ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡ. ಪೇತ್ರನ ಸೊಂಟಕ್ಕೆ ಕಟ್ಟಿ 'ನೀನು ತೊಳಿ, ನಿನಗೆ ಒಳ್ಳೆಯದು' ಎನ್ನಲಿಲ್ಲ.

ನಿನ್ನ ಕೊನೆಯ ಕುರ್ಚಿಯ ವಾಕ್ಯವನ್ನೂ ಪೂರ್ತಿ ಓದಿದೆ. ಕೊನೆಯಲ್ಲಿ ಕೂತವನ ಹತ್ತಿರ ಮನೆಯ ಯಜಮಾನ ಬಂದು, ಗೆಳೆಯಾ ಮೇಲಕ್ಕೆ ಬಾ ಎಂದು ಕರೆಯುತ್ತಾನೆ. ಕತೆ ಅಲ್ಲಿಗೆ ಬರುತ್ತದೆ. ಹಾಗೆ ಕರೆದಾಗ 'ಇಲ್ಲ, ನಾನು ಚಪ್ಪಲಿ ಪಕ್ಕದಲ್ಲೇ ಇರುತ್ತೇನೆ' ಎಂದು ಹಟ ಹಿಡಿದವನ ಕತೆ ಎಲ್ಲೂ ಇಲ್ಲ. ನಿನ್ನನ್ನು ಮೇಟ್ರನ್ ಕರೆದಿದ್ದಾರೆ. ನೀನಾಗಿ ಮುಂದೆ ನುಗ್ಗಿದವಳಲ್ಲ.

ಪಾಸ್ಟರನ್ನೂ ಕೇಳಿದೆ. ಅವರು ಅಡ್ಡಗೋಡೆಯ ಮೇಲಿನ ದೀಪ. "ನೋಡಮ್ಮಾ, ಎರಡೂ ಕಡೆ ಸತ್ಯ ಇರುತ್ತೆ" ಎಂದರು. "ಎರಡೂ ಕಡೆ ಟಿಕೆಟ್ ಇರಲ್ಲ ಪಾಸ್ಟರೇ, ಒಂದು ಸೀಟಿಗೆ ಒಂದೇ" ಎಂದೆ. ಅವರು ಗಡಿಯಾರ ನೋಡಿಕೊಂಡರು.

ನನಗೆ ಒಂದೇ ಒಂದು ವಿಷಯ ಹೇಳು. ನೀನು ಬೇಡ ಎಂದರೆ ಆ ಜಾಗ ಯಾರಿಗೆ ಸಿಗುತ್ತದೆ?

ಅಮ್ಮ


ಮಾರ್ಚ್ 22

ಅಮ್ಮ,

ವಾರ್ಡಿನಲ್ಲಿ ಜ್ವರದ ಮಕ್ಕಳು ತುಂಬಿದ್ದಾರೆ, ಬರೆಯಲು ಆಗಲಿಲ್ಲ.

ನನ್ನ ನಂತರ ಹೆಚ್ಚು ವರ್ಷ ಕೆಲಸ ಮಾಡಿದವಳು ನಾವೆಲ್ಲ ಓಟಗಾತಿ ಎಂದು ಕರೆಯುವ ನರ್ಸು, ನಡೆಯುವುದೇ ಗೊತ್ತಿಲ್ಲ ಅವಳಿಗೆ. ಒಳ್ಳೆಯವಳು. ಅವಳೂ ಕೂಟಕ್ಕೆ ಬರುತ್ತಾಳೆ. ಚಿಕ್ಕಕ್ಕನ ತಂಗಿಯ ಮಗಳು.

ನೀನು ಏನು ಯೋಚಿಸುತ್ತೀಯ ಎಂದು ಗೊತ್ತು. ಯೋಚಿಸಬೇಡ.

ನಿನ್ನ ಮಗಳು


ಮಾರ್ಚ್ 27

ಮಗಳೇ,

ಯೋಚಿಸಬೇಡ ಎಂದರೆ ಏನು ಮಾಡಲಿ, ತಲೆಯನ್ನು ತೆಗೆದು ಕಪಾಟಿನಲ್ಲಿಡಲೇ?

ತಂಗಿಯ ಮಗಳು! ಈಗ ಎಲ್ಲ ತಾಳೆಯಾಯಿತು. ಕಣ್ಣೀರು ಯಾಕೆ ಬಂತು, ಉಳಿದಿಬ್ಬರು ಯಾಕೆ ತಲೆಯಾಡಿಸಿದರು, ನಿನ್ನ ಬಾಯಿಗೆ ಮಾತ್ರ ಯಾಕೆ ಬೀಗ. ಬೆಳ್ಳಗಿರುವುದೆಲ್ಲ ಹಾಲಲ್ಲ ಬಂಗಾರಿ. ನಿನ್ನನ್ನು ಆತ್ಮನ ಹೆಸರಲ್ಲಿ ಕೆಳಗೆ ಕೂರಿಸಿ ತಮ್ಮ ಮನೆಯ ಹುಡುಗಿಯನ್ನು ಮೇಲಕ್ಕೆ ಹತ್ತಿಸುತ್ತಾರೆ. ಓಟಗಾತಿಯಂತೆ. ಎಲ್ಲಿಗೆ ಓಡುತ್ತಿದ್ದಾಳೆ ಎಂದು ನನಗೆ ಕಾಣುತ್ತಿದೆ. ನಿನಗೆ ಕಾಣುತ್ತಿಲ್ಲ.

ಒಮ್ಮೆ ರೈಲಿನಲ್ಲಿ ಒಬ್ಬ ಮುದುಕ ನನ್ನ ಕೈಹಿಡಿದು ಆಶೀರ್ವಾದ ಮಾಡಿ, ನನಗಾಗಿ ಪ್ರಾರ್ಥಿಸಿ, ನನ್ನನ್ನು ಅಳಿಸಿಯೇ ಬಿಟ್ಟ. ಅಷ್ಟರಲ್ಲಿ ಅವನ ಜೊತೆಯವರು ಟಿಕೆಟ್ ಇಲ್ಲದೆ ಆ ಕಡೆಯ ಬಾಗಿಲಿನಿಂದ ಇಳಿದು ಹೋಗಿದ್ದರು. ಅಂದಿನಿಂದ ನಾನು ಯಾರ ಕಣ್ಣೀರನ್ನೂ ಟಿಕೆಟ್ ನೋಡದೆ ನಂಬಿದವಳಲ್ಲ.

ನೀನು ಮೇಟ್ರನ್ ಹತ್ತಿರ ಹೋಗಿ 'ಆಯಿತು' ಎನ್ನು. ನೀನು ಹೇಳದಿದ್ದರೆ ಹೇಳುವವರು ಬೇರೆ ಇದ್ದಾರೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅಮ್ಮ


ಏಪ್ರಿಲ್ 19

ಬಂಗಾರಿ,

ಪತ್ರವಿಲ್ಲ. ಫೋನು ಎತ್ತುತ್ತಿಲ್ಲ. ಅಂಚೆಯವನು ನನ್ನ ಬಾಗಿಲ ಮುಂದೆ ಸೈಕಲ್ಲಿನ ವೇಗ ಹೆಚ್ಚಿಸುತ್ತಾನೆ, ನಾನು ಅವನನ್ನೂ ಅನುಮಾನಿಸುತ್ತೇನೆ ಎಂದು ಅವನಿಗೆ ತಿಳಿದುಹೋಗಿದೆ. ಆರೋಗ್ಯವಾಗಿದ್ದೀಯಾ? ಅಷ್ಟು ಹೇಳಿದರೆ ಸಾಕು.

ನಿನ್ನ ಅಮ್ಮ


ಮೇ 3

ಅಮ್ಮ,

ಆರೋಗ್ಯವಾಗಿದ್ದೇನೆ. ಈ ಪತ್ರವನ್ನು ಬಹಳ ಸಲ ಬರೆದು ಹರಿದೆ. ಇದನ್ನು ಕಳಿಸಿಯೇ ಬಿಡುತ್ತೇನೆ.

ಏಪ್ರಿಲ್ ಮೊದಲ ವಾರ ಮೇಟ್ರನ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿ ಬನ್ನಿ ಎಂದರು. "ಒಬ್ಬರು ಇಲ್ಲಿಗೇ ಬಂದು, ಅವಳಿಗೆ ಈ ಜಾಗ ಬೇಡ, ಸಂಕೋಚಕ್ಕೆ ಹೇಳ್ತಿಲ್ಲ ಅಂದ್ರು. ಇನ್ನೊಬ್ಬರು ಫೋನ್ ಮಾಡಿ, ಅವಳಿಗೆ ಈ ಜಾಗ ಬೇಕು, ಸಂಕೋಚಕ್ಕೆ ಹೇಳ್ತಿಲ್ಲ ಅಂದ್ರು. ಇಬ್ರೂ ತಾಯಿ ಮಾತಾಡಿದ ಹಾಗೇ ಮಾತಾಡಿದ್ರು. ಒಂದೇ ಮಗುಗೆ ಜಗಳಾಡಿದ ಇಬ್ಬರು ತಾಯಂದಿರಲ್ಲಿ ಮಗುನ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೋಕೆ ನಾನು ಸೊಲೊಮೋನ ರಾಜ ಅಲ್ಲ. ನೀವು ಮಗುನೂ ಅಲ್ಲ. ನಿಮಗೇನು ಬೇಕು, ಅದನ್ನ ಹೇಳಿ."

ನಾಚಿಕೆಗೆ ಕಿವಿ ಸುಡುತ್ತಿತ್ತು. ಮಾರನೆಯ ದಿನ ಹೇಳುತ್ತೇನೆ ಎಂದು ಎದ್ದು ಬಂದೆ.

ಫೋನಿನಲ್ಲಿ ನೀನು ಇನ್ನೂ ಒಂದು ಮಾತು ಹೇಳಿದ್ದೀಯ. ಓಟಗಾತಿ ಒಳಗೊಳಗೇ ಪಿತೂರಿ ಮಾಡುತ್ತಿದ್ದಾಳೆ, ಅವಳ ಮೇಲೆ ಒಂದು ಕಣ್ಣಿಡಿ ಎಂದು. ಮೇಟ್ರನ್ ಅವಳನ್ನೂ ಕರೆದು ಕೇಳಬೇಕಾಯಿತು. ಅವಳು ಆ ಕೆಲಸ ಕೇಳಿರಲೇ ಇಲ್ಲ. ಗಂಡನಿಗೆ ಬೇರೆ ಊರಿಗೆ ವರ್ಗವಾಗಿದೆ, ಜುಲೈಯಲ್ಲಿ ಅವಳು ಕೆಲಸ ಬಿಟ್ಟು ಹೋಗುತ್ತಿದ್ದಾಳೆ. ಅದು ಚಿಕ್ಕಕ್ಕನಿಗೂ ಮೊದಲಿಂದ ಗೊತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು, "ನಾನೇನು ಮಾಡಿದ್ದೆ ಅಂತ ನನ್ನನ್ನ ಹೀಗೆ ಕೇಳಿದ್ರು?" ಎಂದು ಅಳುತ್ತಿದ್ದಳು. ಹಾಗೆ ಫೋನು ಮಾಡಿದ್ದು ನನ್ನ ತಾಯಿ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ.

ಅಲ್ಲಿಂದ ನೇರವಾಗಿ ಚಿಕ್ಕಕ್ಕನ ಮನೆಗೆ ಹೋದೆ. ಕೂಟದ ದಿನವಲ್ಲ. ಅವರೊಬ್ಬರೇ ಹಿಂದಿನ ಸಂಜೆಯ ಕೂಟದ ಪಾತ್ರೆಗಳನ್ನು ಹಾಕಿಕೊಂಡು ಉಜ್ಜುತ್ತಿದ್ದರು. ಪ್ರತಿ ಸಲವೂ ಅವರೇ ಉಜ್ಜುವುದು, ಯಾರನ್ನೂ ಹತ್ತಿರ ಬಿಡುವುದಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬರೆಯದೆ ಇದ್ದದ್ದು ಸಿಟ್ಟಿಗೆ, ಮುಚ್ಚಿಡುವುದಕ್ಕಲ್ಲ. ಇನ್ನೊಂದು ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿದ್ದೂ ಬರೆಯಲಿಲ್ಲ. ಅವರು ಮಾತಾಡುವಾಗ ನಾವು ಯಾರೂ ನಡುವೆ ಬಾಯಿ ಹಾಕುವುದಿಲ್ಲ.

"ನನಗೆ ಹೇಳದೆ ಮೇಟ್ರನ್ ಹತ್ರ ಯಾಕೆ ಹೋದ್ರಿ?" ಎಂದು ಕೇಳಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡರು. ಮುಂಚೆ ಕೂಟದಲ್ಲಿ ಒಬ್ಬಳಿದ್ದಳಂತೆ, ದೊಡ್ಡ ಕೆಲಸ ಸಿಕ್ಕಿ ಹೋದವಳು ಮತ್ತೆ ಇತ್ತ ತಲೆ ಹಾಕಲಿಲ್ಲವಂತೆ. "ನಿನ್ನನ್ನೂ ಕಳ್ಕೊಂಡ್ರೆ ಅಂತ ಹೆದರಿಕೆ ಆಯ್ತು. ನಿನ್ನ ಒಳ್ಳೇದಕ್ಕೇ ಮಾಡಿದ್ದು ಮಗಳೇ" ಎಂದರು. ಕಣ್ಣು ಮುಚ್ಚಿಕೊಂಡಿದ್ದರೆ ನೀನೇ ಎಂದುಕೊಳ್ಳುತ್ತಿದ್ದೆ.

ಆ ರಾತ್ರಿ ನಾನೊಬ್ಬಳೇ ಪ್ರಾರ್ಥನೆಗೆ ಕೂತೆ. ಆತ್ಮನು ನನಗೆ ಏನೂ ಹೇಳಲಿಲ್ಲ ಅಮ್ಮ. ಅವರಿಗೂ ನಿನಗೂ ನನ್ನ ಬಗ್ಗೆ ಅಷ್ಟೆಲ್ಲ ತಿಳಿಸಿದ್ದವನು ನನ್ನ ಹತ್ತಿರ ಸುಮ್ಮನೆ ಇದ್ದ. ಮೊದಲು ಭಯವಾಯಿತು. ಆಮೇಲೆ ನನಗೇ ಒಂದು ವಿಷಯ ಹೊಳೆಯಿತು. ಬೇಡ ಎಂದರೆ ಅದು ಕೂಟದ ಮಾತು, ಬೇಕು ಎಂದರೆ ಅದು ಅಮ್ಮನ ಮಾತು, ಏನಾದರೂ ಎಡವಟ್ಟಾದರೆ ತಪ್ಪು ನನ್ನದಲ್ಲ. ಹೀಗೆ ಯಾರದಾದರೂ ಬೆನ್ನ ಹಿಂದೆ ಅವಿತುಕೊಳ್ಳುವುದನ್ನೇ ನಾನು ಇಷ್ಟು ದಿನ ದೀನತೆ ಎಂದುಕೊಂಡಿದ್ದೆ.

ಬೆಳಿಗ್ಗೆ ಹೋಗಿ ಮೇಟ್ರನ್‌ಗೆ, "ನಾನು ಮಾಡ್ತೀನಿ. ಸರಿಯಾಗಿ ಮಾಡ್ತೀನೋ ಇಲ್ವೋ ಗೊತ್ತಿಲ್ಲ" ಎಂದೆ. "ಗೊತ್ತಿದೆ ಅನ್ನೋರಿಗೆ ನಾನು ಕೊಡ್ತಾ ಇರಲಿಲ್ಲ" ಎಂದರು.

ನಿನ್ನ ಮಾತು ಗೆದ್ದಿತು ಎಂದು ಮಾತ್ರ ತಿಳಿಯಬೇಡ. ಕೂಟಕ್ಕೆ ಈಗಲೂ ಹೋಗುತ್ತೇನೆ. ಓಟಗಾತಿಯ ವಿಷಯವನ್ನು ನಾನು ಸರಿಮಾಡಲಾರೆ. ಅದು ನಿನ್ನ ಕೆಲಸ.

ನಿನ್ನ ಮಗಳು


ಮೇ 8

ಮಗಳೇ,

ಕೆಲಸ ಸಿಕ್ಕಿತಲ್ಲ, ಅದು ಮುಖ್ಯ. ನಾನು ಫೋನು ಮಾಡದಿದ್ದರೆ ಮೇಟ್ರನ್ ನಿನ್ನನ್ನು ಕರೆದು ಕೇಳುತ್ತಿದ್ದರೇ? ಆ ಹುಡುಗಿಗೆ ವರ್ಗದ ಸಂಗತಿ ಇದೆ ಎಂದು ನನಗೆ ಯಾರು ಹೇಳಿದ್ದರು? ಕಂಡದ್ದನ್ನು ಹೇಳಿದೆ. ತಾಯಿಯಾದವಳು ಕೈಕಟ್ಟಿ ಕೂರಲು ಆಗುತ್ತದೆಯೇ?

ಅಮ್ಮ


ಮೇ 26

ಬಂಗಾರಿ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಸರಿಯಾಗಿಯೇ ಮಾಡಿದೆ. ಅದು ಉತ್ತರ ಕೊಡುವಂಥ ಪತ್ರವಾಗಿರಲಿಲ್ಲ.

ಹೋದ ಭಾನುವಾರ ಪಾಸ್ಟರು ದೀನತೆಯ ಮೇಲೆ ಪ್ರಸಂಗ ಮಾಡಿದರು. ನಾನು ಕೂತು, ಇದು ಆ ಚಿಕ್ಕಕ್ಕನ ಕಿವಿಗೆ ಬೀಳಬೇಕಿತ್ತು ಎಂದು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಕೂತ ಔಷಧಿ ಅಂಗಡಿಯವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳು, ಇದು ಇವಳ ಕಿವಿಗೆ ಬೀಳಬೇಕು ಎಂದು ಯೋಚಿಸುತ್ತಿದ್ದಳು ಎಂದು ನನಗೆ ಖಂಡಿತ ಅನ್ನಿಸಿತು. ಮನೆಗೆ ಬಂದು ಚಪ್ಪಲಿ ಬಿಚ್ಚದೆ ಹಾಗೇ ಕೂತುಬಿಟ್ಟೆ. ನಾನು ಊರಿನವರ ಚೀಲವನ್ನೆಲ್ಲ ಬಿಚ್ಚಿಸಿ ನೋಡಿದವಳು. ಒಂದು ಹೆಂಗಸಿನ ಕಣ್ಣೀರನ್ನು ನೋಡದೆಯೇ ಅದು ಕಳ್ಳ ಕಣ್ಣೀರು ಎಂದೆ, ಒಂದು ಹುಡುಗಿಯ ಮುಖ ನೋಡದೆಯೇ ಅವಳು ಕಳ್ಳಿ ಎಂದೆ. ನನಗೆ ಬಹಳ ನಾಚಿಕೆಯಾಗಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಫೋನು ಮಾಡಿ ಓಟಗಾತಿಯನ್ನು ಕರೆಸಿದೆ. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ, ಬೇಗ ಬೇಗ ನಡೆಯುವ ನರ್ಸು ಎಂದು ಹೇಳಬೇಕಾಯಿತು. ಓಡಿಯೇ ಬಂದಿರಬೇಕು, ಉಸಿರು ಕೇಳುತ್ತಿತ್ತು.

"ನಾನು ಅವಳ ತಾಯಿ" ಎಂದೆ.

ಆ ಕಡೆಯಿಂದ, "ಹೇಳಿ ಅಮ್ಮಾ."

"ನಿನ್ನ ಬಗ್ಗೆ ಸುಳ್ಳು ಹೇಳ್ದೆ. ಗೊತ್ತಿಲ್ದೆ ಹೇಳ್ದೆ ಅನ್ನಲ್ಲ. ತಿಳ್ಕೊಳ್ಳೋ ಮನಸ್ಸು ಮಾಡ್ಲಿಲ್ಲ. ತಪ್ಪಾಯ್ತು."

"ಆಯ್ತು" ಎಂದಳು. ಪರವಾಗಿಲ್ಲ ಎನ್ನಲಿಲ್ಲ. "ವಾರ್ಡಲ್ಲಿ ಮಗು ಅಳ್ತಿದೆ, ಹೋಗ್ಬೇಕು" ಎಂದಳು. ಕ್ಷಮಿಸಿದಳೋ ಇಲ್ಲವೋ ತಿಳಿಯದು. ಮೇಟ್ರನ್ ಹತ್ತಿರವೂ ನಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ.

ಒಂದು ಮಾತು ಕೇಳುತ್ತೇನೆ. ಮುಂದಿನ ತಿಂಗಳು ನೀನು ಹೊಸ ಕೆಲಸಕ್ಕೆ ಕೂರುತ್ತೀಯ. ನಾನು ಬಂದು ಒಂದು ವಾರ ಇರಲೇ? ಆ ಚಿಕ್ಕಕ್ಕನನ್ನೂ ನೋಡಬೇಕೆನಿಸಿದೆ. ತಪಾಸಣೆಗಲ್ಲ. ಇಷ್ಟು ವರ್ಷ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ, ಬರಲೇ ಎಂದು ಕೇಳಿ ಬಂದಿಲ್ಲ. ನಿನಗೆ ಅನಿಸಿದ್ದನ್ನೇ ಬರೆ.

ನಿನ್ನ ಅಮ್ಮ


ಜೂನ್ 14

ಪ್ರೀತಿಯ ಅಮ್ಮ,

ಮೇಟ್ರನ್ ನಿನ್ನ ಫೋನಿನ ವಿಷಯ ಹೇಳಿದರು. ಓಟಗಾತಿ ಏನೂ ಹೇಳಲಿಲ್ಲ, ಆದರೆ ನಿನ್ನೆ ಊಟಕ್ಕೆ ನನ್ನ ಎದುರು ಬಂದು ಕೂತಳು. ಎರಡು ತಿಂಗಳ ಮೇಲೆ ಕೂತದ್ದು.

ಕೆಲಸ ಶುರುವಾಗಿದೆ. ತಾಯಂದಿರು ರಾತ್ರಿ ಉಳಿಯುವ ವಿಷಯಕ್ಕೆ ವೈದ್ಯರಲ್ಲಿ ಇಬ್ಬರು ಒಪ್ಪಿದರು, ಒಬ್ಬರು ಒಪ್ಪಿಲ್ಲ. ಮೂರು ಹಾಸಿಗೆಗಳಿಗೆ ಮಾತ್ರ ಸದ್ಯಕ್ಕೆ ಬಿಟ್ಟಿದ್ದಾರೆ. ಯಾವ ಮೂರು ಎಂದು ನಾನು ಆರಿಸಬೇಕು. ಉಳಿದ ತಾಯಂದಿರು ಹೊರಗೆ ಹೋಗುವಾಗ ನನ್ನನ್ನು ನೋಡುವ ನೋಟ ನನಗೆ ನಿದ್ದೆ ಕೊಡುವುದಿಲ್ಲ. ಚಿಕ್ಕಕ್ಕ ಈ ವಿಷಯವನ್ನು ಕೂಟದ ನಡುವೆ ಇಡು ಎಂದರು. ಇಡುತ್ತೇನೆ, ಆದರೆ ನಾನೂ ಮಾತಾಡುತ್ತೇನೆ ಎಂದೆ. ಹೊಲಿಗೆ ಬದಿಗಿಟ್ಟು, "ಮಾತಾಡು" ಎಂದರು. ಮುಖ ಸಪ್ಪಗಾಗಿತ್ತು.

ನೀನು ಕೇಳಿದ್ದಕ್ಕೆ ನನಗೆ ಅನಿಸಿದ್ದನ್ನೇ ಬರೆಯುತ್ತೇನೆ. ಈಗ ಬೇಡ, ಅಮ್ಮ. ನೀನು ಬಂದರೆ ನಾನು ಪ್ರತಿ ಸಂಜೆ ನಿನ್ನ ಮುಖ ನೋಡಿ, ಇವತ್ತು ಮಾಡಿದ್ದು ಸರಿಯೇ ಎಂದು ತಿಳಿಯಲು ಹೊರಡುತ್ತೇನೆ. ಸ್ವಲ್ಪ ಕಾಲ ಯಾರ ಮುಖವನ್ನೂ ನೋಡದೆ ಇರಬೇಕಾಗಿದೆ. ಯಾವಾಗ ಬಾ ಎನ್ನುತ್ತೇನೆ ಎಂದು ನನಗೂ ಗೊತ್ತಿಲ್ಲ. ಪ್ರೀತಿ ಇಲ್ಲವೆಂದಲ್ಲ. ಅದು ನಿನಗೆ ಗೊತ್ತು ಎಂದು ನಂಬಿದ್ದೇನೆ.

ನಿನ್ನ ಮಗಳು


ಜೂನ್ 20

ಬಂಗಾರಿ,

ಆಗಲಿ.

ಇಲ್ಲಿ ಎಲ್ಲ ಕ್ಷೇಮ. ಕೇಳಬೇಕೆಂದಿದ್ದ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡಿದ್ದೇನೆ, ಹೊಟ್ಟೆ ಭಾರವಾಗಿದೆ. ಪೆಟ್ಟಿಗೆಗೆ ತುಂಬಿಟ್ಟಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ನೀನು ಉತ್ತರ ಬರೆಯುವ ಮೊದಲೇ ತುಂಬಿಟ್ಟಿದ್ದೆ, ನೋಡು.

ನಿನ್ನ ಅಮ್ಮ